ಗಂಡನ ಫೋನ್ ನಂಬರ್

ಒಬ್ಬ ಹೆಣ್ಣುಮಗಳು ತನಗೆ ಬೇಡವಾಗಿದ್ದ ಬಸುರನ್ನು ಹೊರುವಂತಾದದ್ದು ನಾನು ಮಾಡಿದ ಒಂದು ಫೋನ್ ಕರೆಯಿಂದ. ಔಷಧಿ ಸಿಗಲಿಲ್ಲ ಅಂತೇನಲ್ಲ. ನಮ್ಮ ಉಪಕೇಂದ್ರದ ಬೀರುವಿನಲ್ಲಿ ಅಂತರಾ ಇಂಜೆಕ್ಷನ್ ಇತ್ತು, ಛಾಯಾ ಮಾತ್ರೆ ಇತ್ತು, ಮಾಲಾ-ಎನ್ ಇತ್ತು. ನಿರೋಧ್ ಡಬ್ಬಿ ಹೊರಗಿನ ಗೋಡೆಗೇ ಮೊಳೆ ಹೊಡೆದು ನೇತುಹಾಕಿತ್ತು. ವಂಕಿ ಹಾಕಲು ತರಬೇತಿ ಪಡೆದ ಸಿಸ್ಟರ್ ಇದ್ದರು. ಎಲ್ಲವೂ ಉಚಿತ. ಅವಳ ಮನೆಯಿಂದ ಒಂದು ತೆಂಗಿನ ತೋಟ ದಾಟಿದರೆ ಉಪಕೇಂದ್ರ. ಇಷ್ಟೆಲ್ಲ ಇದ್ದೂ ಅದು ಅವಳಿಗೆ ದಕ್ಕದಂತೆ ಮಾಡಿದವಳು ನಾನು, ಆ ಊರಿನ ಆಶಾ ಕಾರ್ಯಕರ್ತೆ.

ಸರ್ಕಾರದ ಸೇವೆ ಜನರಿಗೆ ಯಾಕೆ ತಲುಪುತ್ತಿಲ್ಲ ಎಂಬ ಮಾತು ಬಂದಾಗಲೆಲ್ಲ ನಾವು ದೂರದ ಆಸ್ಪತ್ರೆ, ಖಾಲಿ ಬಿದ್ದ ಡಾಕ್ಟರ್ ಹುದ್ದೆ, ಮುಗಿದುಹೋದ ಸ್ಟಾಕು ಇವುಗಳನ್ನೇ ಹೇಳುತ್ತೇವೆ. ಅವೆಲ್ಲ ನಿಜವೇ. ಆದರೆ ಕುಟುಂಬ ಯೋಜನೆಯ ವಿಷಯದಲ್ಲಿ ನನ್ನಂಥವಳ ಬಾಯನ್ನೂ ಆ ಪಟ್ಟಿಗೆ ಸೇರಿಸಬೇಕು. ಅದನ್ನು ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳುವುದು ಸರಿ ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮದು ಅರಸೀಕೆರೆಗೂ ತಿಪಟೂರಿಗೂ ನಡುವಿನ ಸೀಮೆ. ಮಳೆ ಬಂದರೆ ರಾಗಿ, ಬಾರದಿದ್ದರೆ ತೆಂಗನ್ನೇ ನಂಬಿ ಕೂತ ಊರುಗಳು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ ಇರಬೇಕು, ಅವಳು ಅದೇ ಊರಲ್ಲಿ ನೆಲೆಸಿದವಳಾಗಿರಬೇಕು, ಮದುವೆಯಾದವಳೋ ವಿಧವೆಯೋ ಗಂಡನಿಂದ ಬೇರೆಯಾದವಳೋ ಆಗಿರಬೇಕು, ವಯಸ್ಸು 25ರಿಂದ 45ರೊಳಗಿರಬೇಕು ಎಂದು ನಿಯಮ ಮಾಡಿದ್ದರು. ಹೊರಗಿಂದ ಬಂದ ನರ್ಸಮ್ಮನ ಹತ್ತಿರ ಬಾಯಿ ಬಿಡದವರು ಊರಿನ ಸೊಸೆಯ ಹತ್ತಿರ ಬಿಡುತ್ತಾರೆ ಎಂಬುದು ಅದರ ಹಿಂದಿನ ನಂಬಿಕೆ. ಬಸುರಿ ಬಾಣಂತಿಯರ ವಿಷಯದಲ್ಲಿ ಆ ನಂಬಿಕೆ ಸುಳ್ಳಾಗಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದವಳ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಮಗುವಿನ ತೂಕ ನೋಡುತ್ತೇವೆ, ಮೈ ಬಿಸಿ ನೋಡುತ್ತೇವೆ, ಹೊಕ್ಕುಳು ನೋಡುತ್ತೇವೆ. ನಡುಮನೆಯವರೆಗೂ ಕರೆದು ಕೂರಿಸುತ್ತಾರೆ. ಕಾಫಿ ಕುಡಿಯದೆ ಎದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಆದರೆ ಬಸಿರು ಬೇಕು ಅನ್ನುವವಳಿಗೆ ನೆರವಾಗುವುದು ಒಂದು ಕೆಲಸ, ಬೇಡ ಅನ್ನುವವಳಿಗೆ ನೆರವಾಗುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಇಡೀ ಮನೆ ಜೊತೆಗೆ ನಿಲ್ಲುತ್ತದೆ. ಅತ್ತೆ ನೀರು ಕಾಯಿಸುತ್ತಾಳೆ, ಗಂಡ ಆಟೋ ಹುಡುಕುತ್ತಾನೆ. ಎರಡನೆಯದರಲ್ಲಿ ಆ ಹೆಣ್ಣು ಒಬ್ಬಳೇ. ನಾನು ಆಶಾ ಆದ ಹೊಸದರಲ್ಲಿ ಊರಲ್ಲಿ ಹೆರುತ್ತಿದ್ದವರು ನನ್ನ ಓರಗೆಯವರೇ, ನನ್ನನ್ನು ಅಕ್ಕ ಅನ್ನುತ್ತಿದ್ದವರು. ವರ್ಷ ಕಳೆದಂತೆ ಅವರ ದೊಡ್ಡ ಮಕ್ಕಳು ಬೆಳೆದರು, ಮದುವೆಯಾದರು. ಈಗ ಬರುವ ಸೊಸೆಯಂದಿರಿಗೆ ನಾನು ಅತ್ತೆಯ ಸಾಲಿನವಳು. ಅವರ ಅತ್ತೆಯಂದಿರು ನನ್ನ ಜೊತೆ ಸಂಘದ ಸಭೆಯಲ್ಲಿ ಕೂರುವವರು, ಒಂದೇ ಬಸ್ಸಿನಲ್ಲಿ ಜಾತ್ರೆಗೆ ಹೋಗುವವರು. ಆ ಹುಡುಗಿಯರ ಕಣ್ಣಿಗೆ ನಾನು ಯಾರ ಕಡೆಯವಳಾಗಿ ಕಾಣುತ್ತೇನೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಆ ಫೋನ್ ಕರೆಯ ಹೆಣ್ಣುಮಗಳ ಹೆಸರು ಹೇಳುವುದಿಲ್ಲ. ಎರಡನೆಯದೂ ಹೆಣ್ಣುಮಗು, ಸಿಸೇರಿಯನ್ ಆಗಿತ್ತು. ಮೈಯಲ್ಲಿ ರಕ್ತ ಕಡಿಮೆ, ಉಗುರು ಬೆಳ್ಳಗೆ. 42ನೇ ದಿನದ ಭೇಟಿಗೆ ಹೋದಾಗ ಅತ್ತೆ ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಾನು ಹೊರಡಲು ಎದ್ದಾಗ ಅವಳು, “ಬನ್ನಿ ಅತ್ತೆ, ಒಂದೀಟು ಕರಿಬೇವು ಕಿತ್ಕೊಡ್ತೀನಿ” ಎಂದು ಹಿತ್ತಲಿಗೆ ಕರೆದಳು. ಗಿಡದ ಹತ್ತಿರ ನಿಂತು, ಕೈ ಕರಿಬೇವಿನ ಮೇಲೆ, ಕಣ್ಣು ಹಿತ್ತಲ ಬಾಗಿಲ ಮೇಲೆ ಇಟ್ಟು ಹೇಳಿದಳು: “ಇನ್ನೊಂದ್ ಮೂರು ವರ್ಷ ನಂಗೆ ಬ್ಯಾಡ ಅತ್ತೆ. ನನ್ ಕೈಲಾಗಲ್ಲ. ಆಪರೇಷನ್ ಅಂದ್ರೆ ಒಪ್ಪಲ್ಲ, ಗಂಡು ಆಗ್ಲಿ ಅಂತಾರೆ. ಮಾತ್ರೆ ಮನೇಲಿಟ್ರೆ ಸಿಕ್ಕಾಕ್ಕೊಳ್ತೀನಿ.”

ವಂಕಿಯ ಬಗ್ಗೆ ಹೇಳಿದೆ. ಹೆದರಿದಳು. ಅಂತರಾ ಬಗ್ಗೆ ಹೇಳಿದೆ. 2017ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಬರತೊಡಗಿದ ಇಂಜೆಕ್ಷನ್ ಇದು. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಂಡರೆ ಸಾಕು, ಎದೆಹಾಲು ಕುಡಿಸುವವರೂ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಹಾಕಿಸಿಕೊಳ್ಳಬಹುದು. ಮೊದಲನೆಯದನ್ನು ಡಾಕ್ಟರು ಪರೀಕ್ಷೆ ಮಾಡಿ ಹಾಕಿಸುತ್ತಾರೆ, ಮುಂದಿನವನ್ನು ಉಪಕೇಂದ್ರದ ಸಿಸ್ಟರೇ ಹಾಕುತ್ತಾರೆ. ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇಹೋಗುತ್ತದೆ, ಅದರಿಂದ ಮೈಗೆ ಕೇಡಿಲ್ಲ. ಸೂಜಿ ಹಾಕಿದ ಜಾಗ ಉಜ್ಜಬಾರದು, ಶಾಖ ಕೊಡಬಾರದು. ಇದನ್ನೆಲ್ಲ ಚೆನ್ನಾಗಿಯೇ ವಿವರಿಸಿದೆ, ನನಗೆ ಬಾಯಿಪಾಠ. ಕೊನೆಗೆ ಅವಳು ಕೇಳಿದ್ದು ಒಂದೇ: “ಮನೇಲಿ ಗೊತ್ತಾಗಲ್ಲ ತಾನೆ?”

“ನಾನ್ಯಾಕೆ ಹೇಳ್ಲಿ” ಅಂದೆ.

ಮಗುವಿನ ಒಂದೂವರೆ ತಿಂಗಳ ಲಸಿಕೆಗೆ ಬಂದ ಗುರುವಾರವೇ ಅವಳೂ ಮೊದಲ ಸೂಜಿ ಹಾಕಿಸಿಕೊಂಡಳು. ಆ ಉಪಾಯ ಅವಳದೇ. ಎರಡನೆಯದಕ್ಕೆ ಮಗುವಿಗೆ ಭೇದಿ ಎಂದು ಹೇಳಿ ಬಂದಳಂತೆ. ಮೂರನೆಯದರ ಹೊತ್ತಿಗೆ ರಾಗಿ ಕೊಯ್ಲು. ತಾರೀಕು ದಾಟಿತು. ನಾಲ್ಕು ವಾರ ತಡವಾದರೂ ಹಾಕಬಹುದು, ಆದರೆ ಆ ಗಡುವೂ ಮುಗಿಯುತ್ತಾ ಬಂತು.

ನಾನು ಫೋನ್ ಮಾಡಿದ ಮಾರನೆಯ ದಿನ ಆರೋಗ್ಯ ಕೇಂದ್ರದಲ್ಲಿ ತಿಂಗಳ ಸಭೆ ಇತ್ತು. ಕುಟುಂಬ ಯೋಜನೆಯಲ್ಲಿ ಮೇಲಿನಿಂದ ಗುರಿ ಕೊಡುವ ಪದ್ಧತಿಯನ್ನು ಸರ್ಕಾರ 1996ರಲ್ಲೇ ಕೈಬಿಟ್ಟಿದೆ. ಆದರೆ “ನಿಮ್ಮಲ್ಲಿ ಎಷ್ಟಾಯಿತು, ಎಷ್ಟು ಬಿಟ್ಟುಹೋದರು” ಎಂಬ ಪ್ರಶ್ನೆ ಸಭೆಯಿಂದ ಹೋಗಿಲ್ಲ. ನನ್ನ ಡ್ಯೂ ಲಿಸ್ಟಿನಲ್ಲಿ ಅವಳ ಹೆಸರಿನ ಮುಂದೆ ಖಾಲಿ ಇತ್ತು. ರಿಜಿಸ್ಟರ್ ತೆಗೆದು ನಂಬರ್ ಒತ್ತಿದೆ. ಅದು ಅವಳ ಗಂಡನ ನಂಬರ್. ಬಸುರಿಯಾಗಿದ್ದಾಗ ತಾಯಿ ಕಾರ್ಡ್ ಮಾಡಿಸುವಾಗ ನಾನೇ ಬರೆದುಕೊಂಡದ್ದು. ಅವಳ ಕೈಯಲ್ಲಿ ಫೋನಿಲ್ಲ ಎಂಬುದು ನನಗೆ ಗೊತ್ತಿತ್ತು.

“ಹೇಳಿ ಚಿಕ್ಕಮ್ಮ” ಅಂದ ಅವನು. ನಮ್ಮವರ ಕಡೆಯಿಂದ ವರಸೆಯಲ್ಲಿ ಮಗನಾಗಬೇಕು.

“ನಿನ್ ಹೆಂಡ್ತಿಗೆ ಹೇಳಪ್ಪ, ಇಂಜೆಕ್ಷನ್ ಡೇಟು ಮುಗೀತಾ ಬಂತು, ನಾಳೆ ನಾಡಿದ್ರಲ್ಲಿ ಬರ್ಲಿ.”

“ಯಾವ್ ಇಂಜೆಕ್ಷನ್ನು?”

ಮಗುವಿಗೆ ಅಂದಿದ್ದರೆ ಮುಗಿಯುತ್ತಿತ್ತು. ಆಮೇಲೆ ಫೋನ್ ಮಾಡುತ್ತೇನೆ ಅನ್ನಬಹುದಿತ್ತು. ನಾನು ಅಂದದ್ದು: “ಅದೇ ಕಣಪ್ಪ, ಮಕ್ಳು ಬ್ಯಾಡ ಅಂತ ಹಾಕುಸ್ಕೊಳ್ತಾ ಅವ್ಳಲ್ಲ, ಅದು. ನಿಂಗೂ ಗೊತ್ತಿರ್ಲಿ ಬಿಡು.”

ಬಹಳ ಕಾಲ ನಾನು ಇದನ್ನು ಬಾಯಿ ತಪ್ಪಿ ಬಂದ ಮಾತು ಎಂದು ಹೇಳಿಕೊಂಡೆ, ಸಿಸ್ಟರಿಗೂ ಹಾಗೇ ಹೇಳಿದೆ. ಬಾಯಿ ತಪ್ಪಿದರೆ ಮೊದಲ ವಾಕ್ಯಕ್ಕೇ ನಿಲ್ಲುತ್ತದೆ. “ನಿಂಗೂ ಗೊತ್ತಿರ್ಲಿ” ಎಂಬುದು ತಪ್ಪಿ ಬಂದದ್ದಲ್ಲ, ಒಳಗಿದ್ದದ್ದೇ ಬಂತು. ಗಂಡನಿಗೆ ಗೊತ್ತಿಲ್ಲದೆ ಹೆಂಡತಿ ಇಂಥದ್ದು ಮಾಡಬಾರದು ಎಂಬ ಭಾವನೆ ನನ್ನಲ್ಲಿ ಇತ್ತು. ಯಾವ ಗರ್ಭನಿರೋಧಕಕ್ಕೂ, ಸಂತಾನಹರಣ ಆಪರೇಷನ್ನಿಗೂ ಗಂಡನ ಒಪ್ಪಿಗೆ ಬೇಕಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಹದಿನೆಂಟು ದಾಟಿದ ಹೆಣ್ಣಿಗೆ ಗರ್ಭಪಾತಕ್ಕೂ ಅವಳೊಬ್ಬಳ ಒಪ್ಪಿಗೆ ಸಾಕು ಎಂಬುದು ಕಾನೂನು. ಇದನ್ನು ಪುಸ್ತಕದಲ್ಲಿ ಬರೆದುಕೊಂಡೆ, ಪರೀಕ್ಷೆಯಲ್ಲಿ ಸರಿಯಾಗಿ ಉತ್ತರಿಸಿದೆ, ಮನಸ್ಸಿಗೆ ಮಾತ್ರ ತೆಗೆದುಕೊಂಡಿರಲಿಲ್ಲ. ಅವನು ಒಳ್ಳೆಯ ಹುಡುಗ, ತಿಳಿದರೆ ಅರ್ಥ ಮಾಡಿಕೊಳ್ಳುತ್ತಾನೆ ಎಂದೂ ಅಂದುಕೊಂಡೆ. ಅವನ ಜೊತೆ ಬದುಕುವವಳು ಅವಳು. ಅವನಿಗೆ ತಿಳಿಸುವುದು ಬೇಡ ಎಂದು ಅವಳು ತೀರ್ಮಾನಿಸಿದ್ದರೆ ಅದಕ್ಕೆ ಅವಳಲ್ಲಿ ಕಾರಣವಿತ್ತು. ಆ ಕಾರಣವನ್ನು ನಾನು ಕೇಳಲೂ ಇಲ್ಲ.

ಆ ರಾತ್ರಿ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗಿದ್ದ ಅಂತರಾ ಕಾರ್ಡನ್ನು ತೆಗೆಸಿದರಂತೆ. ಗಂಡ ಕೈಮಾಡಲಿಲ್ಲ, ಮಾತು ಬಿಟ್ಟ. ಅತ್ತೆ ತವರಿಗೆ ಕಳಿಸಿದರು. ಕೆಲವು ವಾರಗಳ ಮೇಲೆ ಅವಳಪ್ಪ ಕರೆತಂದು, ಮಗಳದು ತಪ್ಪಾಯಿತು ಎಂದು ಬೀಗರಿಗೆ ಕೈಮುಗಿದು ಬಿಟ್ಟುಹೋದರು. ತಪ್ಪು ಮಾಡಿದವಳು ನಾನು, ಕೈಮುಗಿದದ್ದು ಆ ವಯಸ್ಸಾದವರು. ನಾನು ಆ ದಿನ ಅವರ ಬೀದಿಗೆ ಹೋಗಲಿಲ್ಲ.

ಇಂಜೆಕ್ಷನ್ ನಿಂತಿತು. ಕೊನೆಯ ಸೂಜಿಯಾದ ಮೇಲೆ ಮತ್ತೆ ಗರ್ಭ ನಿಲ್ಲಲು ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ. ಇದು ಗೊತ್ತಿಲ್ಲದ ಅತ್ತೆ, ಸೊಸೆಯ ಗರ್ಭಕೋಶವೇ ಸುಟ್ಟುಹೋಗಿದೆ ಎಂದು ಬಾವಿಕಟ್ಟೆಯಿಂದ ಹಾಲಿನ ಡೈರಿಯವರೆಗೂ ಹೇಳಿಕೊಂಡು ಬಂದರು. ಆಮೇಲೆ ಅವಳು ಬಸುರಾದಳು. ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗೆ. ಕಬ್ಬಿಣಾಂಶದ ಡ್ರಿಪ್ ಹಾಕಿಸಿದೆವು, ಎಂಟನೇ ತಿಂಗಳಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ಕೊಡಿಸಬೇಕಾಯಿತು. ಮತ್ತೆ ಸಿಸೇರಿಯನ್. ಮೂರನೆಯದೂ ಹೆಣ್ಣು, ತೂಕ ಕಡಿಮೆ ಎಂದು ನವಜಾತ ಶಿಶುಗಳ ಘಟಕದಲ್ಲಿ ಇಟ್ಟರು. ಇನ್ನೊಂದು ಬಸಿರಾದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದ ಮೇಲೆ ಅದೇ ಹೊತ್ತಿಗೆ ಆಪರೇಷನ್ನೂ ಆಯಿತು. ಈ ಸಲ ಮನೆಯವರು ಯಾರೂ ಬೇಡ ಅನ್ನಲಿಲ್ಲ.

ಆ ಆಪರೇಷನ್ನಿಗೆ ಅವಳನ್ನು ಪ್ರೇರೇಪಿಸಿದ್ದಕ್ಕೆಂದು ನನ್ನ ಖಾತೆಗೆ ಪ್ರೋತ್ಸಾಹಧನ ಬಿತ್ತು. ಬ್ಯಾಂಕಿನ ಮೆಸೇಜ್ ನೋಡಿದಾಗ ನಾನು ಲಸಿಕೆಯ ಪೆಟ್ಟಿಗೆ ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಲೆಕ್ಕದ ಪ್ರಕಾರ ನಾನು ಆ ತಿಂಗಳು ಚೆನ್ನಾಗಿ ಕೆಲಸ ಮಾಡಿದ್ದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಪರೇಷನ್ ಮಾಡಿಸಿಕೊಂಡವರು. ಇಡೀ ದೇಶದ ಲೆಕ್ಕದಲ್ಲಿ ಅದು ನೂರಕ್ಕೆ ಸುಮಾರು 38. ಈ ಅಂಕಿಯನ್ನು ಸಭೆಯಲ್ಲಿ ಹೆಮ್ಮೆಯಿಂದ ಓದುತ್ತಾರೆ. ಅವರಲ್ಲಿ ಎಷ್ಟು ಜನ ಅದಕ್ಕೆ ಮೊದಲು ಒಂದೆರಡು ವರ್ಷ ಅಂತರ ಬೇಕು ಎಂದು ಹಿತ್ತಲಲ್ಲಿ ಯಾರನ್ನೋ ಕೇಳಿದ್ದರು, ಸಿಗದೆ ಹೆತ್ತು, ಕೊನೆಗೆ ಆಪರೇಷನ್ನಿಗೆ ಬಂದರು ಎಂಬುದು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಅವಳನ್ನು ಕಂಡ ಮೇಲೆ ಆ ಅಂಕಿ ಕೇಳಿದಾಗ ನನಗೆ ಸಂತೋಷವಾಗುವುದಿಲ್ಲ.

ಬಾಣಂತಿ ಭೇಟಿಗೆ ನಾನು ಹೋಗಲೇಬೇಕಿತ್ತು. ಮಗುವನ್ನು ತೂಕದ ಜೋಲಿಗೆ ಹಾಕುವಾಗ ಅವಳು ಮೆಲ್ಲಗೆ ಹೇಳಿದಳು: “ನೀವು ಹೇಳ್ಬಾರ್ದಿತ್ತು ಅತ್ತೆ. ನಿಮ್ಮನ್ನ ನಂಬಿದ್ದೆ.” ತಪ್ಪಾಯಿತು ಕಣಮ್ಮ ಅಂದೆ. ಅವಳು ಪರವಾಗಿಲ್ಲ ಅನ್ನಲಿಲ್ಲ. ಅನ್ನಬೇಕು ಎಂದು ನಿರೀಕ್ಷಿಸುವ ಹಕ್ಕೂ ನನಗಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಂದು ಮನೆಯ ಕಥೆಯಾಗುತ್ತಿತ್ತು. ಊರಿನ ಸೊಸೆಯಂದಿರಿಗೆಲ್ಲ ವಿಷಯ ಗೊತ್ತಾಗಿತ್ತು. ಅಂತರಾ ಹಾಕಿಸಿಕೊಳ್ಳುತ್ತಿದ್ದವರು ಒಬ್ಬೊಬ್ಬರೇ ಬಿಟ್ಟರು. ಕೇಳಿದರೆ “ಬ್ಯಾಡ ಬಿಡಿ, ಮೈ ಊದ್ಕೊಳ್ತದೆ” ಅನ್ನುತ್ತಿದ್ದರು. ನಾನು ರಿಜಿಸ್ಟರಿನಲ್ಲಿ “ಇಷ್ಟವಿಲ್ಲ” ಎಂದು ಬರೆದೆ. ಅವರಿಗೆ ಬೇಡವಾಗಿದ್ದವಳು ನಾನು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಅವರಲ್ಲೊಬ್ಬಳು ಪಟ್ಟಣದ ಮೆಡಿಕಲ್ ಶಾಪಿನಿಂದ ಗರ್ಭ ಇಳಿಸುವ ಮಾತ್ರೆ ತರಿಸಿ, ಡಾಕ್ಟರನ್ನು ಕಾಣದೆ ನುಂಗಿ, ರಕ್ತ ನಿಲ್ಲದೆ ಆಂಬುಲೆನ್ಸ್ ಹತ್ತಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಕಾನೂನಿನ ಪ್ರಕಾರವೇ, ಗುಟ್ಟಾಗಿಯೇ, ದುಡ್ಡಿಲ್ಲದೆ ಆಗಬಹುದಾಗಿದ್ದ ಕೆಲಸ. ಅದನ್ನು ಅವಳಿಗೆ ತಿಳಿಸಬೇಕಾಗಿದ್ದವಳ ಹತ್ತಿರ ಅವಳು ಬರಲಿಲ್ಲ. ಬದುಕಿಕೊಂಡಳು, ಅದು ಪುಣ್ಯ.

ಆ ಮೊದಲಿನವಳ ಅತ್ತೆಯನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಅವರ ಭಯಕ್ಕೂ ಬೇರಿದೆ. ಆಕೆ ಚಿಕ್ಕವರಿದ್ದಾಗ ತುರ್ತುಪರಿಸ್ಥಿತಿ. 1975ರಿಂದ 77ರವರೆಗೆ ಆಪರೇಷನ್ ಕೇಸ್ ತರಬೇಕೆಂದು ಮೇಷ್ಟ್ರುಗಳ ಮೇಲೂ ಒತ್ತಡವಿದ್ದ ಕಾಲ. ಜೀಪಿನ ಸದ್ದು ಕೇಳಿದರೆ ಗಂಡಸರು ಹೊಲಕ್ಕೆ ಓಡುತ್ತಿದ್ದರು ಎಂದು ಆಕೆ ಈಗಲೂ ಹೇಳುತ್ತಾರೆ. ಸರ್ಕಾರದವರು ಬಂದು ಮಕ್ಕಳಾಗದಂತೆ ಮಾಡಿಬಿಡುತ್ತಾರೆ ಎಂಬ ಹೆದರಿಕೆ ಆ ತಲೆಮಾರಿನ ಮೈಯಲ್ಲಿ ಉಳಿದಿದೆ. ನನ್ನ ಸಮವಸ್ತ್ರದ ಗುಲಾಬಿ ಸೀರೆಯನ್ನು ಕಂಡಾಗ ಅವರಿಗೆ ಕಾಣುವುದು ಅದೇ ಜೀಪು. ನಮ್ಮ ನಾಡಿಗೆ ಇದಕ್ಕಿಂತ ಹಳೆಯ, ಒಳ್ಳೆಯ ಇನ್ನೊಂದು ನೆನಪೂ ಇದೆ: 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಅಪ್ಪಣೆ ಕೊಟ್ಟಿತ್ತು. ಬೇಕಾದ ಹೆಣ್ಣು ತಾನಾಗಿ ಬಂದು ಕೇಳಲಿ ಎಂದು ತೆರೆದ ಬಾಗಿಲು ಅದು. ಹಳ್ಳಿಯವರೆಗೆ ಬಂದು ಉಳಿದದ್ದು ಜೀಪಿನ ನೆನಪು ಮಾತ್ರ.

ಈಗ ಯಾರಾದರೂ ಅಂತರ ಬೇಕು ಅಂದರೆ ಯಾವ ವಿಧಾನ ಎಂಬುದನ್ನು ಆಮೇಲೆ ಮಾತಾಡುತ್ತೇನೆ. ಮೊದಲು ಕೇಳುವುದು ಬೇರೆ: ಮನೆಯಲ್ಲಿ ಯಾರಿಗೆ ಗೊತ್ತಿರಬಹುದು, ಯಾರಿಗೆ ಗೊತ್ತಾಗಬಾರದು? ನಿನಗೆ ಸುದ್ದಿ ಮುಟ್ಟಿಸಬೇಕಾದರೆ ಯಾರ ಫೋನಿಗೆ ಮಾಡಲಿ, ಎಷ್ಟು ಹೊತ್ತಿಗೆ? ಯಾರಾದರೂ ಕೇಳಿದರೆ ಏನು ಹೇಳಲಿ? ತವರಿನ ತಂಗಿಯ ನಂಬರ್ ಕೊಟ್ಟವರಿದ್ದಾರೆ. ಯಾರದೂ ಬೇಡ, ನೀರಿಗೆ ಬಂದಾಗ ಸಿಗುತ್ತೇನೆ ಅಂದವರಿದ್ದಾರೆ. ಅಂತರಾ ಕಾರ್ಡು ಮನೆಗೆ ಹೋಗಬೇಕೆಂದಿಲ್ಲ, ಉಪಕೇಂದ್ರದಲ್ಲಿ ಸಿಸ್ಟರ್ ಹತ್ತಿರ ಇರಲಿ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಸೂಜಿಯ ದಿನವನ್ನು ಆದಷ್ಟೂ ಲಸಿಕೆಯ ಗುರುವಾರಕ್ಕೆ ಹೊಂದಿಸುತ್ತೇವೆ, ಮಗು ಎತ್ತಿಕೊಂಡು ಆಸ್ಪತ್ರೆಗೆ ಹೋದವಳನ್ನು ಯಾರೂ ಯಾಕೆ ಅಂತ ಕೇಳುವುದಿಲ್ಲ. ಕರಿಬೇವಿನ ಗಿಡದ ಹತ್ತಿರ ಅವಳು ಕಲಿಸಿಕೊಟ್ಟದ್ದನ್ನೇ ಈಗ ಮಾಡುತ್ತಿದ್ದೇನೆ. ಮುಟ್ಟು ನಿಂತರೆ ಮನೆಯವರಿಗೆ ಅನುಮಾನ ಬರುತ್ತದೆ ಎನ್ನುವವಳಿಗೆ ಅಂತರಾ ಒಗ್ಗುವುದಿಲ್ಲ, ವಂಕಿ ಒಗ್ಗಬಹುದು. ಮಾತ್ರೆ ಬಚ್ಚಿಡಲು ಜಾಗ ಇದ್ದವಳಿಗೆ ಛಾಯಾ ಸಾಕು, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಅವಳ ಮೈಗೆ ಏನು ಹೊಂದುತ್ತದೆ ಎಂಬುದನ್ನು ಡಾಕ್ಟರು ನೋಡುತ್ತಾರೆ. ಅವಳ ಮನೆಗೆ ಏನು ಹೊಂದುತ್ತದೆ ಎಂಬುದನ್ನು ಅವಳೇ ಹೇಳಬೇಕು, ನಾನು ಕೇಳಿಸಿಕೊಳ್ಳಬೇಕು.

ಇಲಾಖೆಯವರನ್ನೂ ಒಂದೆರಡು ಕೇಳಿಕೊಳ್ಳುವುದಿದೆ. ರಿಜಿಸ್ಟರಿನಲ್ಲಿ ಫೋನ್ ನಂಬರಿನ ಪಕ್ಕ, ಇದು ಯಾರ ಕೈಯಲ್ಲಿರುವ ಫೋನು, ಇದಕ್ಕೆ ಕರೆ ಮಾಡಬಹುದೇ ಎಂದು ಬರೆಯಲು ಒಂದು ಗೆರೆ ಜಾಗ ಕೊಡಿ. ಉಪಕೇಂದ್ರದಲ್ಲಿ ಬಿಪಿ ನೋಡುವ ಮೇಜಿನ ಮುಂದೆಯೇ, ಲಸಿಕೆಗೆ ಬಂದ ಎಲ್ಲ ಅತ್ತೆಯರ ನಡುವೆ, ಸಿಸ್ಟರ್ ಒಂದು ಹುಡುಗಿಯನ್ನು ನಿನಗೇನು ಬೇಕಮ್ಮ ಎಂದು ಕೇಳಬೇಕಾದ ಸ್ಥಿತಿ ಇದೆ. ಒಂದು ಪರದೆ, ಒಂದು ಕುರ್ಚಿ ಹಾಕುವಷ್ಟು ಮೂಲೆ ಬೇಕು. ಸಭೆಯಲ್ಲಿ ಎಷ್ಟು ಜನ ಬಿಟ್ಟರು ಎಂದು ಕೇಳಿದ ಮೇಲೆ ಯಾಕೆ ಬಿಟ್ಟರು ಎಂದೂ ಕೇಳಿ, ನಿಜ ಹೇಳಿದವಳನ್ನು ಎಲ್ಲರೆದುರು ಬಯ್ಯಬೇಡಿ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಚಳಿಯಲ್ಲಿ ಮಲಗಿದ ನಮ್ಮ ಆಶಾಗಳ ಬೇಡಿಕೆ ನ್ಯಾಯವಾದದ್ದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸಂಬಳ ಕಡಿಮೆ ಎಂಬ ಕಾರಣಕ್ಕೆ ಆ ಫೋನಿನಲ್ಲಿ ನಾನು ಹಾಗೆ ಮಾತಾಡಿದೆ ಎಂದು ಹೇಳಲಾರೆ.

ಗಂಡಸರ ವಿಷಯ ಬಂದರೆ ನನಗೆ ಹೇಳಿಕೊಳ್ಳಲು ಹೆಚ್ಚೇನೂ ಇಲ್ಲ. ಹೊಲಿಗೆಯಿಲ್ಲದ, ಹದಿನೈದು ನಿಮಿಷದೊಳಗೆ ಮುಗಿಯುವ ಗಂಡಸರ ಆಪರೇಷನ್ ಇದೆ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅದನ್ನು ಮಾಡಿಸಿಕೊಂಡವರು ಸಾವಿರಕ್ಕೆ ಮೂವರು, ನಮ್ಮ ರಾಜ್ಯದಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ. ವರ್ಷಾ ವರ್ಷ ನವೆಂಬರಿನಲ್ಲಿ ಅದರ ಪಾಕ್ಷಿಕ ಬರುತ್ತದೆ, ಬ್ಯಾನರ್ ಕಟ್ಟುತ್ತೇವೆ, ಅರಳಿಕಟ್ಟೆಯಲ್ಲಿ ಕೂತ ಗಂಡಸರ ಮುಂದೆ ಮಾತಾಡಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಗಂಡನಿಗೂ ಗೊತ್ತಿರಲಿ ಎಂದು ಫೋನಿನಲ್ಲಿ ಅಷ್ಟು ಸಲೀಸಾಗಿ ಅಂದವಳು, ಅವನ ಪಾಲಿನ ಜವಾಬ್ದಾರಿಯನ್ನು ಒಮ್ಮೆಯೂ ಎದುರಿಗೆ ನಿಂತು ಕೇಳಿಲ್ಲ.

ಹೋದ ತಿಂಗಳು ನಮ್ಮ ಸಂಘದ ಗೆಳತಿಯೊಬ್ಬಳು ದಾರಿಯಲ್ಲಿ ನಿಲ್ಲಿಸಿ, “ನಮ್ ಸೊಸೆ ಏನಾದ್ರೂ ಹಾಕುಸ್ಕೊಳ್ತಾ ಇದಾಳೇನೇ? ಮದ್ವೆಯಾಗಿ ಎರಡು ವರ್ಷ ಆಯ್ತು” ಎಂದು ಕೇಳಿದಳು. “ಅದನ್ನ ನಿನ್ ಸೊಸೇನೇ ಕೇಳು, ನನ್ ಕೇಳ್ಬ್ಯಾಡ. ಯಾರ್ ಮನೇದು ಕೇಳಿದ್ರೂ ನಾನು ಹೇಳಲ್ಲ” ಅಂದೆ. ಮುಖ ಗಂಟು ಹಾಕಿಕೊಂಡು ಹೋದಳು. ಆಮೇಲೆ ಸಂಘದ ಸಭೆಯಲ್ಲಿ ನನ್ನ ಪಕ್ಕ ಕೂರಲಿಲ್ಲ, ಮಗಳ ಸೀಮಂತಕ್ಕೆ ಕರೆಯಲೂ ಇಲ್ಲ. ಆ ಮಗಳು ಈಗ ತವರಲ್ಲೇ ಹೆತ್ತಿದ್ದಾಳೆ. ನಾಡಿದ್ದು ಏಳನೇ ದಿನದ ಭೇಟಿ, ತಕ್ಕಡಿ ಹಿಡಿದು ಆ ಮನೆಗೆ ಹೋಗಬೇಕು.